ಗಾಳಿ ಒಳಗೆ, ಎಣ್ಣೆ ಹೊರಗೆ: ನೈಟ್ರೋ ಟ್ರಕ್ಕಿನ ಎಂಜಿನ್ನೂ ಮುಗಿಯದ ಸೋರಿಕೆಯ ವಾದವೂ

ಮುಷ್ಟಿಯಲ್ಲಿ ಹಿಡಿಸುವ ಎಂಜಿನ್ ಅದು. ಹೆಚ್ಚಿನವುಗಳ ಗಾತ್ರ 2.5 ಸಿಸಿಯಿಂದ 4.6 ಸಿಸಿ. ಪೂರ್ತಿ ಥ್ರಾಟಲ್ ಕೊಟ್ಟರೆ ನಿಮಿಷಕ್ಕೆ 30,000 ಸುತ್ತು ದಾಟುವ ಎಂಜಿನ್ನುಗಳೂ ಇವೆ. ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆಸಿದ ಇಂಧನ. ರಿಮೋಟ್ ಹಿಡಿದು ಓಡಿಸುವ ನೈಟ್ರೋ ಟ್ರಕ್ಕುಗಳ ಹೊಟ್ಟೆಯೊಳಗೆ ಇರುವುದು ಇದೇ. ಇದನ್ನು ಆಟಿಕೆ ಎಂದುಕೊಂಡು ಕೊಂಡವರಿಗೆ ಮೊದಲ ವಾರದಲ್ಲೇ ಬುದ್ಧಿ ಬರುತ್ತದೆ. ನಿನ್ನೆ ಚೆನ್ನಾಗಿ ಓಡಿದ್ದು ಇಂದು ಐಡ್ಲಿಂಗಿನಲ್ಲಿ ನಿಲ್ಲುವುದಿಲ್ಲ. ಥ್ರಾಟಲ್ ಬಿಟ್ಟರೂ ಸುತ್ತು ಇಳಿಯದೆ ಕಿರುಚುತ್ತಲೇ ಇರುತ್ತದೆ. ಇಂಧನದ ಅಳತೆ ಹಿಡಿಯುವ ಕಾರ್ಬುರೇಟರಿನ ಸೂಜಿಯನ್ನು ಎಷ್ಟು ತಿರುಗಿಸಿದರೂ ಹದ ಸಿಗುವುದಿಲ್ಲ. ತಳದಲ್ಲಿ ನೋಡಿದರೆ ಎಣ್ಣೆಯ ಜಿಡ್ಡು.

ಇಲ್ಲಿಂದ ಶುರುವಾಗುವ ವಾದಕ್ಕೆ ಹಲವು ಮುಖ. ದೋಷ ಸೂಜಿಯದೋ ಸೀಲಿನದೋ? ಸೀಲಿನದಾದರೆ ಹೊಸ ರಬ್ಬರ್ ಸಾಕೋ, ಸಿಲಿಕೋನ್ ಮೆತ್ತಬೇಕೋ, ಲೋಹದ ಭಾಗವನ್ನೇ ಬದಲಿಸಬೇಕೋ? ಮುಂದಿನ ಬೇರಿಂಗಿನಿಂದ ಒಸರುವ ಎಣ್ಣೆ ರೋಗವೋ, ಎಂಜಿನ್ನಿನ ಸ್ವಭಾವವೋ? ಅಮೆರಿಕ, ಜಪಾನ್, ಇಟಲಿಯ ರೇಸ್ ಮೈದಾನಗಳಲ್ಲಿ, ಗ್ಯಾರೇಜುಗಳಲ್ಲಿ ದಶಕಗಳಿಂದ ಈ ಚರ್ಚೆ ನಡೆದಿದೆ. ಪ್ರತಿ ಪಂಥಕ್ಕೂ ತನ್ನದೇ ಅನುಭವದ ಬೆಂಬಲವಿದೆ. ಅವರೆಲ್ಲ ಬೇರೆ ಬೇರೆ ಸೋರಿಕೆಗಳನ್ನು ನೋಡಿ ಒಂದೇ ಸೋರಿಕೆ ಎಂಬಂತೆ ಜಗಳವಾಡುತ್ತಿದ್ದಾರೆ ಎಂಬುದು ನನ್ನ ಗುಮಾನಿ.

ಕ್ರ್ಯಾಂಕ್‌ಕೇಸೇ ಪಂಪಾದ ಮೇಲೆ

ಟೂ ಸ್ಟ್ರೋಕ್ ಎಂಜಿನ್ನಿಗೆ ಸೋರಿಕೆ ಹುಟ್ಟಿನಿಂದ ಅಂಟಿಕೊಂಡ ತಕರಾರು. ಸ್ಕಾಟ್ಲೆಂಡಿನ ಡ್ಯೂಗಾಲ್ಡ್ ಕ್ಲರ್ಕ್ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದ ಎಂಜಿನ್ನಿನಲ್ಲಿ ಗಾಳಿ-ಇಂಧನವನ್ನು ತುಂಬಲು ಪ್ರತ್ಯೇಕ ಸಿಲಿಂಡರ್ ಇತ್ತು. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಆ ಹೆಚ್ಚುವರಿ ಸಿಲಿಂಡರ್ ಮಾಯವಾಯಿತು, ಕ್ರ್ಯಾಂಕ್‌ಕೇಸೇ ಪಂಪಾಯಿತು. ಪಿಸ್ಟನ್ ಮೇಲೇರುವಾಗ ಕೆಳಗೆ ಎಳೆತ ಹುಟ್ಟಿ ಗಾಳಿ-ಇಂಧನ ಒಳಗೆ ಬರುತ್ತದೆ, ಕೆಳಗಿಳಿಯುವಾಗ ಒತ್ತಡ ಹುಟ್ಟಿ ಅದು ಟ್ರಾನ್ಸ್‌ಫರ್ ದಾರಿಗಳ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಭಾಗಗಳು ಕಡಿಮೆಯಾದವು, ಎಂಜಿನ್ ಅಗ್ಗವಾಯಿತು, ಹಗುರವಾಯಿತು. ಅದಕ್ಕೆ ತೆತ್ತ ಬೆಲೆ ಏನೆಂದರೆ, ಕ್ರ್ಯಾಂಕ್‌ಕೇಸಿನ ಯಾವ ಸಂದಿಯೂ ಇನ್ನು ಮುಂದೆ ಬರೀ ಎಣ್ಣೆ ತಡೆಯುವ ಸಂದಿಯಾಗಿ ಉಳಿಯಲಿಲ್ಲ. 30,000 ಸುತ್ತಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 500 ಸಲ ಆ ಸಂದಿ ಒಮ್ಮೆ ಒಳಗೆಳೆಯುತ್ತದೆ, ಒಮ್ಮೆ ಹೊರಗೆ ಉಗುಳುತ್ತದೆ. ಆದ್ದರಿಂದಲೇ ಒಂದೇ ತೂತು ಗಾಳಿಯನ್ನು ಒಳಗೆ ಬಿಡುತ್ತದೆ, ಎಣ್ಣೆಯನ್ನು ಹೊರಗೂ ಹಾಕುತ್ತದೆ.

ಕರ್ನಾಟಕದ ಹಳೆಯ ಮೆಕ್ಯಾನಿಕ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರ ತನಕ ಹೊರತಂದ ಜಾವಾ, ಯೆಜ್ದಿ ಬೈಕುಗಳು ಟೂ ಸ್ಟ್ರೋಕ್. ಕ್ರ್ಯಾಂಕಿನ ಒಂದು ಬದಿಯ ಆಯಿಲ್ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಸೇರಿ ಬೆಳ್ಳನೆಯ ಹೊಗೆ. ಇನ್ನೊಂದು ಬದಿಯದು ಹೋದರೆ ಐಡ್ಲಿಂಗ್ ಏರಿಳಿತ, ಎಂಜಿನ್ ಕಾವು. ಎರಡನೆಯದಕ್ಕೆ ಅವರು ಹೇಳುವುದು ಒಂದೇ ಮಾತು: "ಏರ್ ಎಳೀತಾ ಇದೆ." ನೈಟ್ರೋ ಎಂಜಿನ್ನಿನ ಕಾಯಿಲೆಯೂ ಅದೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಯೆಜ್ದಿಯ ಕ್ರ್ಯಾಂಕಿಗೆ ಎರಡೂ ತುದಿಯಲ್ಲಿ ತುಟಿಯಿರುವ ಸೀಲ್ ಇದೆ. ನೈಟ್ರೋ ಎಂಜಿನ್ನಿನ ಕ್ರ್ಯಾಂಕ್ ಹೊರಬರುವ ತುದಿಯಲ್ಲಿ ಅಂಥ ಸೀಲೇ ಇಲ್ಲ. ಮುಂದೆ ಬರುವ ಜಗಳಗಳಲ್ಲಿ ಅತಿ ದೊಡ್ಡದು ಇದರ ಸುತ್ತಲೇ.

ಮಾದರಿ ಎಂಜಿನ್ನುಗಳ ಕತೆ ವಿಮಾನದಿಂದ ಶುರು. 1930ರ ದಶಕದಲ್ಲಿ ಅಮೆರಿಕದಲ್ಲಿ ಬ್ರೌನ್ ಜೂನಿಯರ್ ಎಂಬ ಸ್ಪಾರ್ಕ್ ಪ್ಲಗ್ಗಿನ ಪುಟ್ಟ ಎಂಜಿನ್ ಹವ್ಯಾಸಿಗಳ ಕೈಸೇರಿತು. ಜಪಾನಿನ ಒಸಾಕಾದಲ್ಲಿ ಶಿಗೆಯೋ ಒಗಾವಾ 1936ರಲ್ಲಿ ಓ.ಎಸ್. ಎಂಜಿನ್ ಸಂಸ್ಥೆ ಕಟ್ಟಿದರು. 1947ರಲ್ಲಿ ಅಮೆರಿಕದ ರೇ ಆರ್ಡನ್ ಗ್ಲೋ ಪ್ಲಗ್ ತಂದ ಮೇಲೆ ಕಾಯಿಲ್, ಕಂಡೆನ್ಸರ್, ಬ್ಯಾಟರಿಯ ಭಾರವೆಲ್ಲ ಇಳಿಯಿತು. ಪ್ಲಗ್ಗಿನೊಳಗಿನ ಪ್ಲಾಟಿನಂ ತಂತಿ ಮೆಥನಾಲಿನ ಸಂಪರ್ಕದಲ್ಲಿ ತಾನೇ ಕೆಂಪಗೆ ಉಳಿಯುತ್ತದೆ. ಒಮ್ಮೆ ಶುರು ಮಾಡಲು ಮಾತ್ರ ಬ್ಯಾಟರಿ. ಇಂದಿನ ಟ್ರಕ್ಕುಗಳಲ್ಲಿರುವುದು ಇದೇ ತತ್ತ್ವ. ಅಂದಹಾಗೆ ಈ ವಾದದ ಇನ್ನೊಬ್ಬ ಪಾತ್ರಧಾರಿ ಓ-ರಿಂಗ್, ಅಂದರೆ ಸಂದಿ ಮುಚ್ಚುವ ದುಂಡು ರಬ್ಬರ್ ಬಳೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್‌ಗೆ ಅದರ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1939ರಲ್ಲಿ.

ಟ್ರಕ್ಕಿಗೆ ಬಂದ ಮೇಲೆ ಬಿಗಡಾಯಿಸಿದ್ದು

ವಿಮಾನದವರು ಸೋರಿಕೆಗೆ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ವಿಮಾನದ ಎಂಜಿನ್ ಬಹುಪಾಲು ಹೊತ್ತು ಒಂದೇ ವೇಗದಲ್ಲಿ ಓಡುತ್ತದೆ, ಎದುರಿಗೇ ಪ್ರೊಪೆಲ್ಲರ್ ಗಾಳಿ ಬೀಸುತ್ತಿರುತ್ತದೆ, ರೆಕ್ಕೆಗೆ ಒಂದಿಷ್ಟು ಎಣ್ಣೆ ಚಿಮ್ಮಿದರೆ ಬಟ್ಟೆಯಲ್ಲಿ ಒರೆಸಿದರಾಯಿತು. 1970ರ ದಶಕದಲ್ಲಿ 1/8 ಅಳತೆಯ ಕಾರು ರೇಸು ಬೆಳೆದಾಗ, ಆಮೇಲೆ 1999ರಲ್ಲಿ ಟೆಕ್ಸಸ್ಸಿನ ಟ್ರಾಕ್ಸಸ್ ಕಂಪನಿ ಟಿ-ಮ್ಯಾಕ್ಸ್ ಎಂಬ ನಾಲ್ಕು ಚಕ್ರ ಚಾಲನೆಯ ದೈತ್ಯ ಟ್ರಕ್ಕನ್ನು ಮನೆಮನೆಗೆ ತಲುಪಿಸಿದಾಗ ಲೆಕ್ಕ ಬದಲಾಯಿತು. ಟ್ರಕ್ಕಿನ ಎಂಜಿನ್ ನೆಲದ ದೂಳಿನಲ್ಲಿ ಓಡುತ್ತದೆ, ಹಾರಿ ಬಿದ್ದು ಜಾಡಿಸಿಕೊಳ್ಳುತ್ತದೆ, ಅರೆಕ್ಷಣ ಪೂರ್ತಿ ಥ್ರಾಟಲ್, ಮರುಕ್ಷಣ ಐಡ್ಲಿಂಗ್. ಹಿಂಬದಿಯ ಬ್ಯಾಕ್‌ಪ್ಲೇಟಿಗೆ ಹಗ್ಗ ಎಳೆದು ಶುರು ಮಾಡುವ ಸ್ಟಾರ್ಟರನ್ನೋ, ಮೋಟಾರು ಹಚ್ಚಿ ತಿರುಗಿಸುವ ಜೋಡಣೆಯನ್ನೋ ಸೇರಿಸಿದ್ದರಿಂದ ಅಲ್ಲಿ ಒಂದು ಅಕ್ಷ ಹಾದುಹೋಗಲು ಹೊಸ ತೂತು, ಅದಕ್ಕೊಂದು ಹೊಸ ಓ-ರಿಂಗ್. ಸೋರಬಹುದಾದ ಜಾಗ ಒಂದು ಹೆಚ್ಚಾಯಿತು.

ಐಡ್ಲಿಂಗೇ ಯಾಕೆ ಮೊದಲು ಕೆಡುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಹಾಕಿ ನೋಡಬಹುದು. ಕಾರ್ಬುರೇಟರಿನ ಗಂಟಲು 6 ಮಿ.ಮೀ. ಎಂದುಕೊಳ್ಳಿ. ಪೂರ್ತಿ ತೆರೆದಾಗ ಗಾಳಿಗೆ ಸಿಗುವ ದಾರಿ ಸುಮಾರು 28 ಚದರ ಮಿ.ಮೀ. ಐಡ್ಲಿಂಗಿನಲ್ಲಿ ಆ ಗಂಟಲನ್ನು ತೆರೆದು ಮುಚ್ಚುವ ಸ್ಲೈಡ್ ಅರ್ಧ ಮಿ.ಮೀ. ಮಾತ್ರ ತೆರೆದಿದ್ದರೆ ಆ ಸೀಳು 1.1 ಚದರ ಮಿ.ಮೀ. ಅಷ್ಟೇ. ಈಗ ಬ್ಯಾಕ್‌ಪ್ಲೇಟಿನಲ್ಲಿ 0.4 ಮಿ.ಮೀ. ವ್ಯಾಸದ ಒಂದು ಸಂದಿ ಇದೆ ಎನ್ನಿ. ಅದರ ವಿಸ್ತೀರ್ಣ 0.13 ಚದರ ಮಿ.ಮೀ. ಪೂರ್ತಿ ಥ್ರಾಟಲಿನಲ್ಲಿ ಅದು ಶೇಕಡಾ ಅರ್ಧಕ್ಕೂ ಕಡಿಮೆ, ಯಾರಿಗೂ ಗೊತ್ತಾಗದು. ಐಡ್ಲಿಂಗಿನಲ್ಲಿ ಶೇಕಡಾ 11ಕ್ಕಿಂತ ಹೆಚ್ಚು. ಸಾಲದ್ದಕ್ಕೆ ಸ್ಲೈಡ್ ಮುಚ್ಚಿದಾಗ ಒಳಗಿನ ಎಳೆತವೂ ಜೋರು. ಆ ಕಳ್ಳಗಾಳಿ ಸೂಜಿಯ ಮೇಲೆ ಹಾದು ಬರುವುದಿಲ್ಲವಾದ್ದರಿಂದ ಇಂಧನವನ್ನು ತರುವುದಿಲ್ಲ. ಇಂಧನ ಬರದಿದ್ದರೆ ಅದರ ಜತೆಗೇ ಬರಬೇಕಾದ ಎಣ್ಣೆಯೂ ಇಲ್ಲ. ಇಲ್ಲಿ ಎಂಜಿನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ ಎಂಬುದನ್ನು ನೆನಪಿಡಬೇಕು. ಹಾಗಾಗಿ ಗಾಳಿ ಸೋರಿಕೆಯನ್ನು ಬರೀ ಐಡ್ಲಿಂಗಿನ ಕಿರಿಕಿರಿ ಎಂದು ಬಿಟ್ಟವರ ಪಿಸ್ಟನ್ ಬೇಗ ಸವೆಯುತ್ತದೆ.

ಮೂರು ಸೋರಿಕೆ, ಒಂದೇ ಹೆಸರು

ವಾದ ಗೋಜಲಾಗಲು ಮುಖ್ಯ ಕಾರಣ ಇದು. "ಲೀಕ್ ಇದೆ" ಎಂದು ಹೇಳುವವರು ಮೂರು ಬೇರೆ ವ್ಯವಸ್ಥೆಗಳ ಬಗ್ಗೆ ಮಾತಾಡುತ್ತಿರಬಹುದು.

ಮೊದಲನೆಯದು ಮೇಲೆ ಹೇಳಿದ ಕ್ರ್ಯಾಂಕ್‌ಕೇಸಿನ ಗಾಳಿ. ಬ್ಯಾಕ್‌ಪ್ಲೇಟಿನ ಗ್ಯಾಸ್ಕೆಟ್ ಅಥವಾ ಓ-ರಿಂಗ್, ಸ್ಟಾರ್ಟರ್ ಅಕ್ಷದ ಓ-ರಿಂಗ್, ಕಾರ್ಬುರೇಟರಿನ ಕುತ್ತಿಗೆ ಕೂರುವ ಜಾಗ, ಕಡಿಮೆ ವೇಗದ ಸೂಜಿಯ ಓ-ರಿಂಗ್, ಮುಂದಿನ ಬೇರಿಂಗಿನ ತುದಿ. ಸ್ಲೈಡಿನ ಮೇಲಿರುವ ರಬ್ಬರ್ ಬೂಟ್ ಹರಿದಿದ್ದರೆ ಗಾಳಿಯ ಜತೆ ದೂಳೂ ಒಳಗೆ.

ಎರಡನೆಯದು ಇಂಧನದ ದಾರಿ. ಇಲ್ಲಿ ಪಂಪಿಲ್ಲ. ಸೈಲೆನ್ಸರಿನಿಂದ ಒಂದು ಸಣ್ಣ ಕೊಳವೆ ಟ್ಯಾಂಕಿಗೆ ಹೋಗಿ, ಹೊಗೆಯ ಒತ್ತಡವೇ ಇಂಧನವನ್ನು ಕಾರ್ಬುರೇಟರಿಗೆ ದೂಡುತ್ತದೆ. ಟ್ಯಾಂಕಿನ ಮುಚ್ಚಳದ ಓ-ರಿಂಗ್ ಸಡಿಲವಾದರೆ, ಎಕ್ಸಾಸ್ಟ್ ಹೆಡರಿನ ಗ್ಯಾಸ್ಕೆಟ್ ಹೋದರೆ, ಸಿಲಿಕೋನ್ ಜೋಡಣೆ ಸುಟ್ಟು ಬಿರಿದರೆ ಆ ಒತ್ತಡ ಇಳಿಯುತ್ತದೆ. ಟ್ಯಾಂಕ್ ತುಂಬಿದ್ದಾಗ ಚೆನ್ನಾಗಿ ಓಡಿ, ಅರ್ಧಕ್ಕೆ ಬಂದ ಮೇಲೆ ಸೊರಗುವ ಎಂಜಿನ್ ಕಂಡರೆ ಮೊದಲು ಹುಡುಕಬೇಕಾದದ್ದು ಇಲ್ಲಿ. ಕೊಳವೆಯಲ್ಲಿ ಸಾಲಾಗಿ ಗುಳ್ಳೆ ಬರುತ್ತಿದ್ದರೂ ಅದೇ ಸುಳಿವು. ಎಂಜಿನ್ ಬಿಚ್ಚುವ ಅಗತ್ಯವೇ ಇರುವುದಿಲ್ಲ, ಆದರೂ ಬಿಚ್ಚುವವರೇ ಜಾಸ್ತಿ.

ಮೂರನೆಯದು ದಹನ ನಡೆಯುವ ಕೋಣೆಯದು: ಗ್ಲೋ ಪ್ಲಗ್ಗಿನ ತಾಮ್ರದ ವಾಶರ್, ಹೆಡ್ಡಿನ ಕೆಳಗಿನ ಶಿಮ್, ಪಿಸ್ಟನ್ ಮತ್ತು ಸ್ಲೀವ್ ನಡುವಿನ ಅಂತರ. ಈ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಪಿಸ್ಟನ್ ರಿಂಗ್ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್, ಒಳಗೆ ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್. ಸ್ಲೀವ್ ಮೇಲೆ ಹೋದಂತೆ ಕಿರಿದಾಗುತ್ತದೆ. ತಣ್ಣಗಿದ್ದಾಗ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಕಾದಾಗ ಹಿತ್ತಾಳೆ ಹಿಗ್ಗಿ ಸಡಿಲವಾಗುತ್ತದೆ. ಆ ಕಚ್ಚು ಹೋದ ಎಂಜಿನ್ನಿಗೆ ಊರಿನ ಅಷ್ಟೂ ಸಿಲಿಕೋನ್ ಮೆತ್ತಿದರೂ ಪ್ರಯೋಜನವಿಲ್ಲ.

ಮೊದಲು ಸೂಜಿ ನೋಡಿ ಎನ್ನುವವರು

ಅನುಭವಿ ರೇಸುಗಾರರಲ್ಲಿ ಒಂದು ದೊಡ್ಡ ಪಂಥ ಸೋರಿಕೆಯ ಮಾತನ್ನೇ ಅನುಮಾನದಿಂದ ನೋಡುತ್ತದೆ. ಹೊಸಬರು ಹದ ಮಾಡಲು ಬಾರದೆ ಎಂಜಿನ್ನಿನ ಮೇಲೆ ಗೂಬೆ ಕೂರಿಸುತ್ತಾರೆ ಎಂಬುದು ಇವರ ದೂರು. ಅದರಲ್ಲಿ ಹುರುಳಿದೆ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಮುಚ್ಚಳ ಸರಿಯಾಗಿ ಹಾಕದ ಹಳೆಯ ಡಬ್ಬಿಯ ಇಂಧನ ಹದ ತಪ್ಪಿಸುತ್ತದೆ. ಸಾಯುವ ಹಂತದ ಗ್ಲೋ ಪ್ಲಗ್ ಕೂಡ ಐಡ್ಲಿಂಗ್ ಕೆಡಿಸುತ್ತದೆ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನ ಕಡಲ ಮಟ್ಟದಲ್ಲಿ ಸರಿಯಾಗಿದ್ದ ಎಂಜಿನ್ನನ್ನು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಗಾಳಿ ತೆಳುವಾದ್ದರಿಂದ ಇಂಧನ ಹೆಚ್ಚಾಗಿ ರಿಚ್ ಆಗುತ್ತದೆ. ಎಲ್ಲೂ ಸೋರಿಕೆ ಇಲ್ಲದೆ ವರ್ತನೆ ಮಾತ್ರ ಬೇರೆ.

ಇವರ ಪರೀಕ್ಷೆ ಸರಳ. ಎಂಜಿನ್ ಕಾದು ಐಡ್ಲಿಂಗಿನಲ್ಲಿರುವಾಗ ಇಂಧನದ ಕೊಳವೆಯನ್ನು ಬೆರಳಲ್ಲಿ ಹಿಸುಕಿ ಹಿಡಿಯುವುದು. ಎರಡು ಮೂರು ಸೆಕೆಂಡು ಓಡಿ, ಸುತ್ತು ತುಸು ಏರಿ ನಿಂತರೆ ಕೆಳವೇಗದ ಸೂಜಿ ಸರಿಯಿದೆ. ಹಿಸುಕಿದ ಕೂಡಲೇ ನಿಂತರೆ ಲೀನ್, ಅಂದರೆ ಇಂಧನ ಕಡಿಮೆ; ತುಂಬಾ ಹೊತ್ತು ಎಳೆದರೆ ರಿಚ್. ಹೆಡ್ಡಿನ ತಾಪ 105ರಿಂದ 125 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ ಎನ್ನುವುದು ಸಾಮಾನ್ಯ ಅಂದಾಜು.

ಈ ಪಂಥ ವಿವರಿಸಲಾರದ ಸಂಗತಿ ಒಂದಿದೆ: ಸೂಜಿ ಮುಟ್ಟದೆಯೇ ದಿನದಿಂದ ದಿನಕ್ಕೆ, ಒಂದೇ ಟ್ಯಾಂಕಿನೊಳಗೇ ಬದಲಾಗುವ ಹದ. ಹದ ತಪ್ಪಿದ ಎಂಜಿನ್ ಮಾಡಿದ ತಪ್ಪನ್ನೇ ಮತ್ತೆ ಮತ್ತೆ ಮಾಡುತ್ತದೆ. ಗಾಳಿ ಎಳೆಯುವ ಎಂಜಿನ್ ಪ್ರತಿ ಸಲ ಹೊಸ ತಪ್ಪು ಮಾಡುತ್ತದೆ, ಕಾದಂತೆಲ್ಲ ಲೋಹ ಹಿಗ್ಗಿ ಸಂದಿಯ ಅಳತೆ ಬದಲಾಗುವುದರಿಂದ. ಥ್ರಾಟಲ್ ಬಿಟ್ಟ ಮೇಲೆ ಸುತ್ತು ಇಳಿಯಲು ತಡವಾಗುವುದು ಎರಡೂ ಕಾಯಿಲೆಗೆ ಸಾಮಾನ್ಯ ಲಕ್ಷಣವಾದ್ದರಿಂದ ಅದೊಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ.

ಸಿಲಿಕೋನ್ ಪಂಥ

ಇದಕ್ಕೆ ತದ್ವಿರುದ್ಧ ತುದಿಯಲ್ಲಿ, ಪೆಟ್ಟಿಗೆಯಿಂದ ತೆಗೆದ ಹೊಸ ಎಂಜಿನ್ನನ್ನೇ ಓಡಿಸುವ ಮೊದಲು ಬಿಚ್ಚಿ ಸೀಲ್ ಮಾಡುವವರಿದ್ದಾರೆ. ಬ್ಯಾಕ್‌ಪ್ಲೇಟಿನ ಅಂಚು, ಕಾರ್ಬುರೇಟರಿನ ಕುತ್ತಿಗೆಗೆ ಶಾಖ ತಡೆಯುವ ಆರ್‌ಟಿವಿ ಸಿಲಿಕೋನ್. ಅವರ ತರ್ಕ: ಅಗ್ಗದ ಎಂಜಿನ್ನುಗಳಲ್ಲಿ ಲೋಹದ ಮುಖಗಳು ನುಣುಪಾಗಿರುವುದಿಲ್ಲ, ಕಾಗದದ ಗ್ಯಾಸ್ಕೆಟ್ ಒಮ್ಮೆ ಬಿಚ್ಚಿದರೆ ಮತ್ತೆ ಹಿಡಿಯುವುದಿಲ್ಲ, ಟ್ರಕ್ಕಿನ ನಡುಕಕ್ಕೆ ಸ್ಕ್ರೂ ಸಡಿಲವಾಗುತ್ತದೆ, ಮೊದಲೇ ಮುಚ್ಚಿಬಿಟ್ಟರೆ ಹದ ಮಾಡುವಾಗ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಕೈಕೆಲಸ ಚೆನ್ನಾಗಿದ್ದರೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಮೊದಲು ಎರಡೂ ಮುಖಗಳಿಂದ ಎಣ್ಣೆಯ ಜಿಡ್ಡನ್ನು ಪೂರ್ತಿ ತೆಗೆಯಬೇಕು. ಎಣ್ಣೆ ಸೋಕಿದ ಲೋಹಕ್ಕೆ ಸಿಲಿಕೋನ್ ಅಂಟುವುದೇ ಇಲ್ಲ. ಹಚ್ಚುವ ಪದರ ಕೂದಲೆಳೆಯಷ್ಟಿರಬೇಕು, ಒಳ ಅಂಚಿನಿಂದ ಒಂದಿಷ್ಟು ಹೊರಗೇ ನಿಲ್ಲಬೇಕು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುವುದು, ಆಮೇಲೆ ಒಂದು ಇಡೀ ದಿನ ಮುಟ್ಟದೆ ಬಿಡುವುದು. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಉಕ್ಕಿನ ಬೇರಿಂಗಿಗೆ ಒಳ್ಳೆಯದಲ್ಲ. ಎಂಜಿನ್ನಿಗೆಂದೇ ಮಾಡಿದ್ದನ್ನು ಬಳಸಬೇಕು. ಅವಸರ ಮಾಡುವವರು ತಪ್ಪುವುದು ಪ್ರಮಾಣದಲ್ಲಿ. ಹೆಚ್ಚಾದ ಸಿಲಿಕೋನ್ ಒಳಮುಖವಾಗಿ ಹಿಂಡಿಕೊಂಡು, ಒಣಗಿ, ಚೂರಾಗಿ ಕಳಚಿ ಟ್ರಾನ್ಸ್‌ಫರ್ ದಾರಿಗೆ ಹೋಗುತ್ತದೆ. ಸೂಜಿಯ ಹತ್ತಿರ ಹಚ್ಚುವವರನ್ನಂತೂ ದೇವರೇ ಕಾಪಾಡಬೇಕು. ಆ ಸಣ್ಣ ರಂಧ್ರ ಒಮ್ಮೆ ಕಟ್ಟಿದರೆ ಲೀನ್ ಆಗಲು ಗಾಳಿ ಸೋರಿಕೆಯ ಅಗತ್ಯವೇ ಇಲ್ಲ.

ಎಲ್ಲ ಹೊಸ ಎಂಜಿನ್ನಿಗೂ ಇದು ಬೇಕೇ ಎಂಬ ಪ್ರಶ್ನೆಗೆ ಈ ಪಂಥ ಕೊಡುವ ಪುರಾವೆ ನನಗೆ ಸಾಲದು. ಸೀಲ್ ಮಾಡಿದೆ, ಚೆನ್ನಾಗಿ ಓಡಿತು ಎನ್ನುವವರು ಅಂಥದೇ ಇನ್ನೊಂದನ್ನು ಸೀಲ್ ಮಾಡದೆ ಪಕ್ಕದಲ್ಲಿ ಓಡಿಸಿ ಹೋಲಿಸುವುದು ಅಪರೂಪ. ಬಿಚ್ಚಿ ಸ್ವಚ್ಛಗೊಳಿಸಿ ಸ್ಕ್ರೂಗಳನ್ನು ಸಮನಾಗಿ ಬಿಗಿದದ್ದರಿಂದಲೇ ಲಾಭವಾಗಿರಬಹುದಲ್ಲ?

ಹೊಂದಿಕೆ ಸರಿಯಿದ್ದರೆ ಮೆತ್ತುವುದೇಕೆ?

ಮೂರನೆಯ ಪಂಥ ಕಸುಬುದಾರರದು. ಸಿಲಿಕೋನ್ ಬೇಕಾಗಿದೆ ಎಂದರೆ ಎರಡು ಮುಖಗಳು ಹೊಂದುತ್ತಿಲ್ಲ ಎಂದೇ ಅರ್ಥ. ಹೊಂದಿಸಿರಿ ಎನ್ನುತ್ತಾರೆ ಇವರು. ದಪ್ಪ ಗಾಜಿನ ಮೇಲೆ 600 ನಂಬರಿನ ನೀರುಕಾಗದ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ಬ್ಯಾಕ್‌ಪ್ಲೇಟನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದರೆ ಉಬ್ಬು ಎಲ್ಲಿದೆ ಎನ್ನುವುದು ಹೊಳಪಿನಲ್ಲೇ ಕಾಣುತ್ತದೆ. ಹೆಚ್ಚು ಬಿಗಿದು ಬಾಗಿದ ಪ್ಲೇಟುಗಳಲ್ಲಿ ಸ್ಕ್ರೂ ತೂತುಗಳ ಸುತ್ತ ಮೊದಲು ಹೊಳೆಯುತ್ತದೆ. ಅಲ್ಯೂಮಿನಿಯಂ ಕೇಸಿಗೆ ಬಲ ಹಾಕಿ ಬಿಗಿಯುವವರೇ ಸೋರಿಕೆ ಹುಟ್ಟಿಸುತ್ತಾರೆ ಎಂಬ ಇವರ ಮಾತಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾರ್ಬುರೇಟರಿನ ವಿಷಯದಲ್ಲೂ ಇವರ ಸಲಹೆ ಚೆನ್ನಾಗಿದೆ. ಹೊಸ ಓ-ರಿಂಗ್ ಹಾಕಿ, ಕಾರ್ಬುರೇಟರನ್ನು ಹೆಬ್ಬೆರಳಿನಿಂದ ಕೆಳಗೆ ಒತ್ತಿ ಹಿಡಿದುಕೊಂಡೇ ಅಡ್ಡ ಬೋಲ್ಟ್ ಬಿಗಿಯಬೇಕು. ಒತ್ತದೆ ಬಿಗಿದರೆ ರಿಂಗ್ ಚಪ್ಪಟೆಯಾಗುವುದೇ ಇಲ್ಲ. ಅಲ್ಲಿ ಸೀಲ್ ಇದೆಯೆಂಬ ಭ್ರಮೆ ಮಾತ್ರ ಇರುತ್ತದೆ. ಒತ್ತಿ ಬಿಗಿದ ಮಾತ್ರಕ್ಕೆ ಸಿಲಿಕೋನಿಲ್ಲದೆ ಸರಿಹೋದ ಎಂಜಿನ್ನುಗಳನ್ನು ನೋಡಿದ ಮೇಲೆ ನನ್ನ ಒಲವು ಇತ್ತ ಕಡೆಗೇ. ಆದರೆ ಈ ಪಂಥ ಸಮಯ, ಸಲಕರಣೆ, ತಾಳ್ಮೆ ಮೂರನ್ನೂ ಬೇಡುತ್ತದೆ. ಭಾನುವಾರದ ಮಧ್ಯಾಹ್ನ ಮಗನ ಜತೆ ಟ್ರಕ್ಕು ಓಡಿಸಲು ಹೊರಟವನಿಗೆ ಗಾಜು, ನೀರುಕಾಗದ ಎಂದು ಉಪದೇಶ ಮಾಡಿ ಫಲವಿಲ್ಲ.

ಮುಂದಿನ ಬೇರಿಂಗಿನ ಎಣ್ಣೆ

ಎಲ್ಲಕ್ಕಿಂತ ಬಿಸಿಯಾದ ವಾದ ಇಲ್ಲಿ. ಕ್ಲಚ್ ಕೂರುವ ತುದಿಯಲ್ಲಿ, ಮುಂದಿನ ಬೇರಿಂಗಿನ ಸುತ್ತ, ಕಪ್ಪು ಜಿಡ್ಡು ಕಂಡ ಕೂಡಲೇ ಒಬ್ಬರು "ಬೇರಿಂಗ್ ಹೋಯಿತು" ಎನ್ನುತ್ತಾರೆ, ಇನ್ನೊಬ್ಬರು "ಅದು ಹಾಗೇ ಇರಬೇಕು" ಎನ್ನುತ್ತಾರೆ.

ರಚನೆ ನೋಡಿದರೆ ಇಬ್ಬರಿಗೂ ಏಕೆ ಹಾಗನ್ನಿಸುತ್ತದೆ ಎಂದು ತಿಳಿಯುತ್ತದೆ. ಈ ಎಂಜಿನ್ನುಗಳ ಕ್ರ್ಯಾಂಕ್ ಟೊಳ್ಳು. ಕಾರ್ಬುರೇಟರಿನಿಂದ ಬಂದ ಮಿಶ್ರಣ ಕ್ರ್ಯಾಂಕಿನ ಮೇಲಿರುವ ಕಿಟಕಿಯ ಮೂಲಕ ಅದರ ಹೊಟ್ಟೆಯೊಳಗೆ ಇಳಿದು ಹಿಂದಕ್ಕೆ ಹೋಗುತ್ತದೆ. ಆ ಕಿಟಕಿಗೂ ಮುಂದಿನ ಬೇರಿಂಗಿಗೂ ನಡುವೆ ಇರುವುದು ಕ್ರ್ಯಾಂಕ್ ಮತ್ತು ಕೇಸಿನ ನಡುವಿನ ಅತಿ ಕಿರಿದಾದ ಅಂತರ, ಅದರಲ್ಲಿ ನಿಂತ ಎಣ್ಣೆಯ ಪೊರೆ. ಅಸಲು ಸೀಲ್ ಅದೇ. ಬೇರಿಂಗಿನ ಮೇಲಿನ ರಬ್ಬರ್ ಕವಚ ಮುಖ್ಯವಾಗಿ ದೂಳು ತಡೆಯಲು. ಒತ್ತಡ ತಡೆಯುವ ಸೀಲಲ್ಲ. ಇಷ್ಟು ವೇಗದಲ್ಲಿ ತುಟಿ ಉಜ್ಜುವ ಸೀಲ್ ಹಾಕಿದರೆ ಅದು ಎಂಜಿನ್ನಿನ ಶಕ್ತಿ ತಿನ್ನುತ್ತದೆ, ಬೇಗ ಸುಟ್ಟೂ ಹೋಗುತ್ತದೆ. ಒಂದಿಷ್ಟು ಎಣ್ಣೆ ಮುಂದೆ ಸಾಗಿ ಬೇರಿಂಗನ್ನು ನೆನೆಸುವುದು ಒಳ್ಳೆಯದೇ, ಹೊಸ ಎಂಜಿನ್ನನ್ನು ರಿಚ್ ಆಗಿ ಪಳಗಿಸುವ ದಿನಗಳಲ್ಲಿ ಅದು ಹೆಚ್ಚಾಗಿಯೇ ಇರುತ್ತದೆ.

ತೊಂದರೆ ಶುರುವಾಗುವುದು ಏರ್ ಫಿಲ್ಟರಿನ ಮೂಲಕ ದೂಳು ನುಸುಳಿ ಆ ಅಂತರವನ್ನು ಸವೆಸಿದಾಗ. ಆಗ ಹೊಸ ಬೇರಿಂಗ್ ಹಾಕಿದರೆ ಒಂದೆರಡು ದಿನ ಜಿಡ್ಡು ಕಡಿಮೆಯಾದಂತೆ ಕಂಡು ಮತ್ತೆ ಮೊದಲಿನಂತೆಯೇ. ಏಕೆಂದರೆ ಸವೆದದ್ದು ಕೇಸಿನ ರಂಧ್ರ, ಬೇರಿಂಗಲ್ಲ. ಬೇರಿಂಗ್ ಬದಲಿಸುವುದು ವ್ಯರ್ಥ ಎನ್ನುವ ಪಂಥ ಹುಟ್ಟಿದ್ದು ಇಂಥ ಎಂಜಿನ್ನುಗಳಿಂದ. ಕ್ರ್ಯಾಂಕ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಸಿಕ್ಕರೆ ಬೇರಿಂಗಿನದು ಎನ್ನಬಹುದು, ಅಂಥಲ್ಲಿ ಹೊಸದು ಹಾಕಿದರೆ ಸರಿಹೋಗುತ್ತದೆ. ಬದಲಿಸಲೇಬೇಕು ಎನ್ನುವ ಪಂಥ ಹುಟ್ಟಿದ್ದು ಅಲ್ಲಿಂದ. ಆಟವಿಲ್ಲದೆ ಹನಿಹನಿಯಾಗಿ ಸುರಿಯುತ್ತಿದ್ದರೆ ಮಾತ್ರ ಉತ್ತರ ಕಷ್ಟ.

ರಬ್ಬರಿನ ಜಾತಿ

ಓ-ರಿಂಗ್ ಬದಲಿಸಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ರಬ್ಬರಿನದು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ನೈಟ್ರೈಲ್ ಎಣ್ಣೆಗೆ ಚೆನ್ನಾಗಿ ಬಾಳುತ್ತದೆ, ಮೆಥನಾಲಿಗೂ ಪರವಾಗಿಲ್ಲ; ನೈಟ್ರೋಮೀಥೇನಿಗೆ ಮಾತ್ರ ಅಷ್ಟಕ್ಕಷ್ಟೆ. "ವೈಟಾನ್ ಹಾಕಿ, ಅದು ಎಲ್ಲಕ್ಕೂ ತಡೆಯುತ್ತದೆ" ಎಂಬ ನಂಬಿಕೆ ವ್ಯಾಪಕವಾಗಿದೆ. ಪೆಟ್ರೋಲಿಗೆ ಅದು ನಿಜ. ಆದರೆ ಸಾಮಾನ್ಯ ದರ್ಜೆಯ ವೈಟಾನ್ ಮೆಥನಾಲಿನಲ್ಲಿ ಚೆನ್ನಾಗಿಯೇ ಊದಿಕೊಳ್ಳುತ್ತದೆ. ಫ್ಲೋರಿನ್ ಪ್ರಮಾಣ ಹೆಚ್ಚಿರುವ ವಿಶೇಷ ದರ್ಜೆಗಳು ಮಾತ್ರ ಮೇಲು. ಇಪಿಡಿಎಂ ಮೆಥನಾಲಿಗೂ ನೈಟ್ರೋಮೀಥೇನಿಗೂ ಹೊಂದುತ್ತದೆ, ಆದರೆ ಖನಿಜ ತೈಲ ತಗುಲಿದರೆ ಹಾಳು. ಓಡಿಸಿ ಮುಗಿದ ಮೇಲೆ ತುಕ್ಕು ಹಿಡಿಯದಿರಲೆಂದು ಎಂಜಿನ್ನಿಗೆ ಬಿಡುವ ಎಣ್ಣೆ ಬಹುಪಾಲು ಖನಿಜ ತೈಲವೇ. ಅಲ್ಲಿಗೆ ಎಲ್ಲಕ್ಕೂ ಒಗ್ಗುವ ರಬ್ಬರ್ ಇಲ್ಲ ಎಂದಾಯಿತು. ಇಂಧನದ ಕೊಳವೆಗೆ ಸಿಲಿಕೋನ್ ಬಳಸುವುದು ಅದು ಮದ್ಯಸಾರಗಳಿಗೆ ಜಗ್ಗದ ಕಾರಣಕ್ಕೆ. ಅದೇ ಕೊಳವೆಗೆ ಪೆಟ್ರೋಲ್ ಹಾಕಿದರೆ ಮೆತ್ತಗಾಗಿ ಹೋಗುತ್ತದೆ.

ಇದಕ್ಕೆ ಇಂಧನದೊಳಗಿನ ಎಣ್ಣೆಯ ಜಗಳವೂ ಸೇರುತ್ತದೆ. ಒಂದು ಪಕ್ಷ ಹರಳೆಣ್ಣೆಯದು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆಯೇ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ಖನಿಜ ತೈಲ ಮೆಥನಾಲಿನಲ್ಲಿ ಬೆರೆಯದು, ಹರಳೆಣ್ಣೆ ಬೆರೆಯುತ್ತದೆ. ವಿಪರೀತ ಕಾದಾಗಲೂ ಲೋಹ ಬಿಡದೆ, ಗಟ್ಟಿ ಪೊರೆಯಾಗಿ ಸಂದಿಗಳಲ್ಲಿ ನಿಲ್ಲುತ್ತದೆ. ಅದೇ ಒಂದು ಸೀಲ್ ಎನ್ನುತ್ತಾರೆ ಅದರ ಬೆಂಬಲಿಗರು. ಆ ಪೊರೆಯೇ ಕಂದು ವಾರ್ನಿಶ್ಶಾಗಿ ಅಂಟಿ ಎಂಜಿನ್ ಕೆಡಿಸುತ್ತದೆ ಎನ್ನುತ್ತಾರೆ ಸಿಂಥೆಟಿಕ್ ಪಕ್ಷದವರು. ಎರಡನ್ನೂ ಬೆರೆಸಿ ಮಾರುವ ತಯಾರಕರು ಜಗಳಕ್ಕೆ ಇಳಿಯದೆ ವ್ಯಾಪಾರ ಮಾಡುತ್ತಾರೆ.

ಬೋಗುಣಿಯ ಪರೀಕ್ಷೆ

ಎಲ್ಲ ಪಂಥಗಳೂ ಒಪ್ಪುವ ಪರೀಕ್ಷೆ ಒಂದೇ: ಎಂಜಿನ್ ಕಳಚಿ, ತೂತುಗಳನ್ನು ಮುಚ್ಚಿ, ಒಂದು ಕೊಳವೆಯಿಂದ ಬಾಯಲ್ಲಿ ಊದುತ್ತಾ ಬೋಗುಣಿಯಲ್ಲಿ ಮುಳುಗಿಸುವುದು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆಯೇ, ಗುಳ್ಳೆ ಬಂದಲ್ಲಿ ತೂತು. ಆದರೆ ಹೆಚ್ಚಿನವರು ಒಂದೇ ಸಲ ಮುಳುಗಿಸಿ ಮುಗಿಸುತ್ತಾರೆ, ಅಲ್ಲೇ ಎಡವುತ್ತಾರೆ. ಪಿಸ್ಟನ್ ತಳದಲ್ಲಿದ್ದಾಗ ಎಕ್ಸಾಸ್ಟಿನಿಂದ ಊದಿದ ಗಾಳಿ ಟ್ರಾನ್ಸ್‌ಫರ್ ದಾರಿಗಳಿಂದ ಕ್ರ್ಯಾಂಕ್‌ಕೇಸಿಗೆ ಹೋಗಿ ಬ್ಯಾಕ್‌ಪ್ಲೇಟನ್ನು ಪರೀಕ್ಷಿಸುತ್ತದೆ, ಪ್ಲಗ್ಗಿನ ವಾಶರನ್ನೂ. ಆದರೆ ಆ ಸ್ಥಿತಿಯಲ್ಲಿ ಕ್ರ್ಯಾಂಕಿನ ಕಿಟಕಿ ಕಾರ್ಬುರೇಟರಿನ ಕೆಳಗಿರುವುದಿಲ್ಲ. ಕಾರ್ಬುರೇಟರಿನ ಕುತ್ತಿಗೆ ಎಷ್ಟು ಸೋರುತ್ತಿದ್ದರೂ ಅಲ್ಲಿಗೆ ಗಾಳಿಯೇ ತಲುಪದು. ಅದಕ್ಕೆ ಕ್ರ್ಯಾಂಕ್ ತಿರುಗಿಸಿ, ಪಿಸ್ಟನ್ ಮೇಲೇರುವ ಹೊತ್ತಿಗೆ ಕಿಟಕಿ ತೆರೆದಾಗ, ಕಾರ್ಬುರೇಟರಿನ ಬದಿಯಿಂದ ಇನ್ನೊಮ್ಮೆ ಊದಬೇಕು. ಟ್ಯಾಂಕಿಗೆ ಬೇರೆಯೇ ಪರೀಕ್ಷೆ: ಒಂದು ಕೊಳವೆ ಮುಚ್ಚಿ ಇನ್ನೊಂದರಿಂದ ಊದಿ ಮುಳುಗಿಸುವುದು. ಮುಗಿದ ಕೂಡಲೇ ನೀರು ಒಣಗಿಸಿ ಎಣ್ಣೆ ಬಿಡದಿದ್ದರೆ ಬೇರಿಂಗಿಗೆ ತುಕ್ಕು.

ಓಡುತ್ತಿರುವ ಎಂಜಿನ್ನಿನ ಮೇಲೆ ಇಂಧನ ಚಿಮುಕಿಸಿ ಸುತ್ತು ಬದಲಾಗುತ್ತದೆಯೇ ನೋಡುವ ಇನ್ನೊಂದು ಉಪಾಯ ಕೆಲವರಲ್ಲಿದೆ. ಬೇಡ. ಮೆಥನಾಲಿನ ಬೆಂಕಿ ಬಿಸಿಲಲ್ಲಿ ಕಣ್ಣಿಗೇ ಕಾಣಿಸುವುದಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಬೋಗುಣಿಯ ಪರೀಕ್ಷೆ ತಣ್ಣಗಿನ ಎಂಜಿನ್ನಿನದು. 110 ಡಿಗ್ರಿಯಲ್ಲಿ, ಹಿಗ್ಗಿದ ಲೋಹದಲ್ಲಿ, ಸೆಕೆಂಡಿಗೆ ನೂರಾರು ಸಲ ಏರಿಳಿಯುವ ಒತ್ತಡದಲ್ಲಿ ಅದೇ ಸಂದಿ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಬಾಯಲ್ಲಿ ಊದಿದ ಗುಳ್ಳೆ ಉತ್ತರವಾಗದು. ತಣ್ಣಗಿದ್ದಾಗ ಗುಳ್ಳೆ ಬಿಡದೆ ಕಾದಾಗ ಎಳೆಯುವ ಎಂಜಿನ್ನೂ ಇರಬಹುದು, ತದ್ವಿರುದ್ಧವೂ ಇರಬಹುದು. ಹವ್ಯಾಸಿಯ ಮೇಜಿನ ಮೇಲೆ ಇದನ್ನು ಅಳೆಯುವ ಸುಲಭ ದಾರಿ ಇಲ್ಲ.

ಮುಂದಿನ ಬೇರಿಂಗಿನಲ್ಲಿ ಎಷ್ಟು ಗುಳ್ಳೆ ಬಂದರೆ ಸರಿ, ಎಷ್ಟು ಬಂದರೆ ಕೇಸ್ ಬದಲಿಸಬೇಕು ಎಂಬುದಕ್ಕೆ ಎಲ್ಲರೂ ಒಪ್ಪುವ ಅಳತೆಯಿಲ್ಲ. "ಒಂದೊಂದೇ ಬಂದರೆ ಪರವಾಗಿಲ್ಲ, ಧಾರೆಯಾದರೆ ಇಲ್ಲ" ಎನ್ನುವ ಅಂದಾಜಿನ ಮೇಲೆಯೇ ಬಂಡಿ ಸಾಗಿದೆ. ಹೊಸ ಎಂಜಿನ್ನನ್ನು ಬಿಚ್ಚಿ ಸೀಲ್ ಮಾಡಬೇಕೇ ಎಂಬುದೂ ಹಾಗೆಯೇ ನಿಂತಿದೆ. ಬಿಚ್ಚಿದರೆ ತಯಾರಕರ ಖಾತರಿ ಹೋಗಬಹುದೆಂಬ ಭಯ ಒಂದು ಕಡೆ, ಬಿಚ್ಚದಿದ್ದರೆ ಪಿಸ್ಟನ್ ಹೋಗುವ ಭಯ ಇನ್ನೊಂದು ಕಡೆ.

ಈ ನಡುವೆ ಬ್ರಶ್‌ಲೆಸ್ ಮೋಟಾರು, ಲಿಥಿಯಂ ಬ್ಯಾಟರಿಗಳು ಬಂದು ಟ್ರಕ್ಕಿನ ಮಾರುಕಟ್ಟೆಯ ದೊಡ್ಡ ಪಾಲನ್ನು ಕಸಿದುಕೊಂಡಿವೆ. ಹಳೆಯ ನೈಟ್ರೋ ಎಂಜಿನ್ನುಗಳಿಗೆ ಕಂಪನಿಯದೇ ಗ್ಯಾಸ್ಕೆಟ್, ಓ-ರಿಂಗ್ ಸಿಗುವುದು ಕಷ್ಟವಾಗುತ್ತಾ ಬಂದಿದೆ. ಹೊರಗಿನವರು ಮಾರುವ ಪೊಟ್ಟಣಗಳ ಮೇಲೆ ಒಳವ್ಯಾಸ ಇರುತ್ತದೆ, ದಪ್ಪ ಇರುತ್ತದೆ. ಎಷ್ಟೋ ಸಲ ಯಾವ ರಬ್ಬರ್ ಎಂಬುದೇ ಇರುವುದಿಲ್ಲ. ಇಂಧನದ ಡಬ್ಬಿಯ ಮೇಲೂ ನೈಟ್ರೋದ ಶೇಕಡಾವಾರು ದಪ್ಪಕ್ಷರದಲ್ಲಿರುತ್ತದೆ, ಎಣ್ಣೆಯಲ್ಲಿ ಏನೇನು ಬೆರೆಸಿದ್ದಾರೆ ಎಂಬುದನ್ನು ತಯಾರಕರು ಸಾಮಾನ್ಯವಾಗಿ ಬಿಚ್ಚಿ ಹೇಳುವುದಿಲ್ಲ. ಈ ಎರಡು ಗುಟ್ಟುಗಳು ಕಾರ್ಬುರೇಟರಿನ ಕುತ್ತಿಗೆಯಲ್ಲಿ ಒಂದನ್ನೊಂದು ಸಂಧಿಸಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಸೂಜಿಯವರ ಬಳಿಯಾಗಲಿ, ಸಿಲಿಕೋನಿನವರ ಬಳಿಯಾಗಲಿ, ನೀರುಕಾಗದದವರ ಬಳಿಯಾಗಲಿ ಸದ್ಯಕ್ಕೆ ಉತ್ತರವಿಲ್ಲ.